ಟರ್ಮಿನಲ್ಲಿಗೆ ಬಂದ ಅನುಮಾನ

ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬು ಎಂದುಕೊಳ್ಳಿ. ಮೂವತ್ತು ಟರ್ಮಿನಲ್, ಒಂದು ಸರ್ವರ್. ನಿನ್ನೆ ಸಂಜೆಯವರೆಗೆ ಎಲ್ಲವೂ ಸರಾಗ. ಇವತ್ತು ಬೆಳಿಗ್ಗೆ ಒಂದು ಟರ್ಮಿನಲ್ ಕೂಡ ಯಾರನ್ನೂ ಒಳಗೆ ಬಿಡುತ್ತಿಲ್ಲ. ಪರದೆ ಬರುತ್ತದೆ, ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಎರಡನ್ನೂ ಕೊಟ್ಟ ಮೇಲೆ, 'ಸರ್ವರ್ ಸಂಪರ್ಕಿಸಲು ಈ ವರ್ಕ್‌ಸ್ಟೇಷನ್‌ಗೆ ಅಧಿಕಾರವಿಲ್ಲ' ಎಂಬ ಅರ್ಥದ ಒಂದು ಸಾಲು ತೋರಿಸಿ ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ.

ಲ್ಯಾಬಿನ ಉಸ್ತುವಾರಿ ನೋಡಿಕೊಳ್ಳುವವರು ಮೊದಲು ಪಾಸ್‌ವರ್ಡ್ ಬದಲಿಸುತ್ತಾರೆ. ಆಗುವುದಿಲ್ಲ. ಹೊಸ ಖಾತೆ ತೆರೆಯುತ್ತಾರೆ. ಅದೂ ಆಗುವುದಿಲ್ಲ. ಕೊನೆಗೆ ಟರ್ಮಿನಲ್ ಕೆಟ್ಟಿದೆ ಅಂತ ತೀರ್ಮಾನಿಸುತ್ತಾರೆ. ಮೂವತ್ತೂ ಒಂದೇ ರಾತ್ರಿಯಲ್ಲಿ ಕೆಟ್ಟಿದ್ದು ಹೇಗೆ ಎಂದು ಕೇಳುವವರಿಲ್ಲ. ಇಷ್ಟೆಲ್ಲ ಅಲೆದಾಟಕ್ಕೆ ಆ ಒಂದು ಸಾಲಿನ ಸಂದೇಶವೇ ಕಾರಣ. ಅದು ಹೇಳುವುದು ಒಂದು, ನಡೆದಿರುವುದು ಅದರ ತಿರುವು ಮುರುವು. ಟರ್ಮಿನಲ್ಲನ್ನು ಸರ್ವರ್ ಹೊರಗೆ ತಳ್ಳಿಲ್ಲ. 'ನೀನು ನಾನು ಬಲ್ಲ ಸರ್ವರ್ ಅಲ್ಲ' ಎಂದು ಟರ್ಮಿನಲ್ಲೇ ಹಿಂದೆ ಸರಿದಿದೆ. ಬಳಕೆದಾರನ ಪಾಸ್‌ವರ್ಡನ್ನು ಅದು ಸರ್ವರಿಗೆ ಕಳಿಸಿಯೇ ಇಲ್ಲ.

ಲಾಗಿನ್ ಎಂದರೆ ನಾವು ಯಂತ್ರಕ್ಕೆ ನಮ್ಮ ಗುರುತು ಒಪ್ಪಿಸುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಯಂತ್ರವೂ ನಮಗೆ ತನ್ನ ಗುರುತು ಒಪ್ಪಿಸಬೇಕು, ಅದೂ ಮೊದಲು ಒಪ್ಪಿಸಬೇಕು. ಥಿನ್ ಕ್ಲೈಂಟ್ ಜಾಲಗಳಲ್ಲಿ ಕೀಲಿಯ ತಕರಾರು ಎಂದು ಕರೆಸಿಕೊಳ್ಳುವ ಬಹುಪಾಲು ತೊಂದರೆಗಳು ಈ ಮೊದಲ ಹೆಜ್ಜೆಯಲ್ಲೇ ಹುಟ್ಟುತ್ತವೆ.

ಥಿನ್ ಕ್ಲೈಂಟ್ ನಮಗೆ ಹೊಸದೇನಲ್ಲ. ಬ್ಯಾಂಕು, ವಿಮಾ ಕಚೇರಿಗಳ ಕೌಂಟರುಗಳಲ್ಲಿ ಪುಸ್ತಕದಷ್ಟೇ ದಪ್ಪದ ಸಣ್ಣ ಡಬ್ಬಿಗೆ ಪರದೆ, ಕೀಬೋರ್ಡು ಸಿಕ್ಕಿಸಿರುವುದನ್ನು ನೋಡಿರುತ್ತೀರಿ. ಬೆಂಗಳೂರಿನದೇ ಆದ ವಿಎಕ್ಸ್‌ಎಲ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅಂಥ ಟರ್ಮಿನಲ್‌ಗಳನ್ನೂ ಥಿನ್ ಕ್ಲೈಂಟ್‌ಗಳನ್ನೂ ತಯಾರಿಸಿ ಮಾರಿದೆ. ಇವುಗಳಲ್ಲಿ ಹಾರ್ಡ್ ಡಿಸ್ಕ್ ಇಲ್ಲ, ಅಥವಾ ಹೆಸರಿಗಷ್ಟೇ ಇದೆ. ಲೆಕ್ಕ, ಓದು, ಬರಹ ಎಲ್ಲ ನಡೆಯುವುದು ದೂರದ ಸರ್ವರಿನಲ್ಲಿ. ಇನ್ನು ಹಳೆಯ ಕಂಪ್ಯೂಟರುಗಳಿಗೆ ಇದೇ ಪಾತ್ರ ಕೊಟ್ಟು ಮರುಜೀವ ಕೊಡುವ ಮುಕ್ತ ತಂತ್ರಾಂಶವೂ ಇದೆ. ಅದರ ಹೆಸರು ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, ಚಿಕ್ಕದಾಗಿ ಎಲ್‌ಟಿಎಸ್‌ಪಿ. ಅಮೆರಿಕದ ಜಿಮ್ ಮೆಕ್‌ಕ್ವಿಲನ್ 1999ರಲ್ಲಿ ಇದನ್ನು ಆರಂಭಿಸಿದರು. 2005ರ ಅಕ್ಟೋಬರಿನಲ್ಲಿ ಶಾಲೆಗಳಿಗೆಂದೇ ಬಂದ ಎಡುಬುಂಟು ಎಂಬ ಲಿನಕ್ಸ್ ಇದನ್ನು ತನ್ನೊಳಗೇ ಸೇರಿಸಿಕೊಂಡಿತು. ಈ ಅಧ್ಯಾಯದ ಉದಾಹರಣೆಗಳೆಲ್ಲ ಎಲ್‌ಟಿಎಸ್‌ಪಿಯವು. ಅದರ ಒಳಗನ್ನು ಯಾರು ಬೇಕಾದರೂ ತೆರೆದು ನೋಡಬಹುದು ಎಂಬುದೇ ಆ ಆಯ್ಕೆಗೆ ಕಾರಣ.

ಡಿಸ್ಕ್ ಇಲ್ಲದ ಯಂತ್ರ ಎದ್ದು ಕೂರುವ ಬಗೆಯೇ ಸೊಗಸು. ಸ್ವಿಚ್ ಒತ್ತಿದಾಗ ಅದಕ್ಕೆ ತನ್ನ ವಿಳಾಸವೂ ಗೊತ್ತಿರುವುದಿಲ್ಲ. ನೆಟ್‌ವರ್ಕ್ ಕಾರ್ಡಿನಲ್ಲಿರುವ ಪಿಎಕ್ಸ್‌ಇ ಎಂಬ ಪುಟ್ಟ ತಂತ್ರಾಂಶ 'ಯಾರಾದರೂ ಇದ್ದೀರಾ?' ಎಂದು ಇಡೀ ಜಾಲಕ್ಕೆ ಕೂಗು ಹಾಕುತ್ತದೆ. ಡಿಎಚ್‌ಸಿಪಿ ಸೇವೆ ಅದಕ್ಕೊಂದು ಐಪಿ ವಿಳಾಸ ಕೊಟ್ಟು, ಯಾವ ಫೈಲನ್ನು ಎಲ್ಲಿಂದ ತರಬೇಕು ಎಂದು ತಿಳಿಸುತ್ತದೆ. ಟಿಎಫ್‌ಟಿಪಿ ಮೂಲಕ ಲಿನಕ್ಸ್ ಕರ್ನೆಲ್ ಬರುತ್ತದೆ. ಆಮೇಲೆ ಕಾರ್ಯಾಚರಣ ವ್ಯವಸ್ಥೆ ಇಡಿಯಾಗಿ, ಒತ್ತಿ ಕುಗ್ಗಿಸಿದ ಒಂದು ಇಮೇಜ್ ಫೈಲಿನ ರೂಪದಲ್ಲಿ, ಜಾಲದ ಮೇಲಿಂದಲೇ ಬಳಕೆಗೆ ಸಿಗುತ್ತದೆ. ಲಾಗಿನ್ ಪರದೆ ಕಾಣುವುದು ಇಷ್ಟೆಲ್ಲ ಆದ ಮೇಲೆ. ರಾತ್ರಿ ಯಂತ್ರ ಆರಿಸಿದರೆ ಎಲ್ಲವೂ ಅಳಿಸಿಹೋಗುತ್ತದೆ. ಬೆಳಿಗ್ಗೆ ಮತ್ತೆ ಮೊದಲಿನಿಂದ. ಈ ಮರೆಗುಳಿತನವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಲ್‌ಟಿಎಸ್‌ಪಿಯ ಮೊದಲ ಆವೃತ್ತಿಗಳಲ್ಲಿ ಕೀಲಿಯ ತಕರಾರೇ ಇರಲಿಲ್ಲ, ಏಕೆಂದರೆ ಕೀಲಿಯೇ ಇರಲಿಲ್ಲ. ಒತ್ತಿದ ಅಕ್ಷರಗಳು ಎಕ್ಸ್‌ಡಿಎಂಸಿಪಿ ಎಂಬ ವಿಧಾನದಲ್ಲಿ ಯಾವ ಗೂಢಲಿಪಿಯೂ ಇಲ್ಲದೆ ತಂತಿಯಲ್ಲಿ ಹರಿಯುತ್ತಿದ್ದವು. ಅದೇ ಜಾಲಕ್ಕೆ ಲ್ಯಾಪ್‌ಟಾಪ್ ಸಿಕ್ಕಿಸಿದ ಚೂಟಿ ವಿದ್ಯಾರ್ಥಿಗೆ ಮೇಷ್ಟರ ಪಾಸ್‌ವರ್ಡ್ ಎತ್ತಿಕೊಳ್ಳುವುದು ದೊಡ್ಡ ಕೆಲಸವಾಗಿರಲಿಲ್ಲ. ಐದನೇ ಆವೃತ್ತಿಯಲ್ಲಿ ಎಲ್‌ಡಿಎಂ ಎಂಬ ಹೊಸ ಲಾಗಿನ್ ವ್ಯವಸ್ಥೆ ಬಂತು. ಅದು ಪಾಸ್‌ವರ್ಡನ್ನು ಎಸ್‌ಎಸ್‌ಎಚ್ ಎಂಬ ಭದ್ರ ಸುರಂಗದ ಮೂಲಕವೇ ಕಳಿಸುತ್ತಿತ್ತು.

ಎಸ್‌ಎಸ್‌ಎಚ್ ಹುಟ್ಟಿದ್ದೂ ಇಂಥದೇ ಕಳ್ಳತನದಿಂದ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್ ಹೆಕ್ಕುವ ತಂತ್ರಾಂಶ ಇಟ್ಟಿದ್ದರು. ಅಲ್ಲಿನ ಸಂಶೋಧಕ ಟಾಟು ಯಲೋನೆನ್ ಅದಕ್ಕೆ ಉತ್ತರವಾಗಿ ಎಸ್‌ಎಸ್‌ಎಚ್ ಬರೆದು ಅದೇ ವರ್ಷ ಹಂಚಿದರು. ಅದಕ್ಕೆ ಸಿಕ್ಕ ಪೋರ್ಟ್ ಸಂಖ್ಯೆ 22. ಫೈಲು ಸಾಗಿಸುವ ಎಫ್‌ಟಿಪಿಯ 21ಕ್ಕೂ ಟೆಲ್ನೆಟ್‌ನ 23ಕ್ಕೂ ನಡುವಿನ ಜಾಗ. ಅದು ಮೂಲೆಗೆ ತಳ್ಳಲು ಹೊರಟಿದ್ದೂ ಆ ಎರಡು ನೆರೆಯವರನ್ನೇ!

ಈಗ ಕೀಲಿಯ ವಿಚಾರ. ಎಸ್‌ಎಸ್‌ಎಚ್ ಸ್ಥಾಪಿಸಿದ ಕೂಡಲೇ ಸರ್ವರ್ ತನಗಾಗಿ ಕೀಲಿಗಳ ಜೋಡಿ ತಯಾರಿಸಿಕೊಳ್ಳುತ್ತದೆ. ಖಾಸಗಿ ಕೀಲಿ ಸರ್ವರ್ ಬಿಟ್ಟು ಹೊರಗೆ ಹೋಗಬಾರದು. ಸಾರ್ವಜನಿಕ ಕೀಲಿಯನ್ನು ಕೇಳಿದವರಿಗೆಲ್ಲ ಕೊಡಬಹುದು. ಟರ್ಮಿನಲ್ ಸಂಪರ್ಕಕ್ಕೆ ಬಂದಾಗ ಎರಡೂ ಕಡೆಯವು ಆ ಮಾತುಕತೆಗಷ್ಟೇ ಸಾಲುವ ಒಂದು ಗುಟ್ಟಿನ ಸಂಖ್ಯೆಯನ್ನು ರೂಪಿಸಿಕೊಳ್ಳುತ್ತವೆ. ಕದ್ದು ಕೇಳುವವನ ಎದುರಿನಲ್ಲೇ ಗುಟ್ಟು ಕಟ್ಟುವ ಈ ಗಣಿತವನ್ನು 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಪ್ರಕಟಿಸಿದರು. ಅದರಲ್ಲಿ ಒಂದು ಕೊರತೆ ಇದೆ. ಗುಟ್ಟು ಕಟ್ಟಿಕೊಂಡಿದ್ದು ಯಾರ ಜೊತೆ ಎಂಬುದನ್ನು ಅದು ಹೇಳುವುದಿಲ್ಲ. ನಡುವೆ ಕುಳಿತ ಕಳ್ಳನ ಜೊತೆಗೂ ಅಷ್ಟೇ ಚೊಕ್ಕವಾಗಿ ಗುಟ್ಟು ಕಟ್ಟಬಹುದು. ಅದಕ್ಕೇ ಸರ್ವರ್ ಆ ವಿನಿಮಯದ ಸಾರಕ್ಕೆ ತನ್ನ ಖಾಸಗಿ ಕೀಲಿಯಿಂದ ಸಹಿ ಹಾಕಿ ಕೊಡುತ್ತದೆ. ಆ ಸಹಿ ನಿಜವೇ ಎಂದು ಟರ್ಮಿನಲ್ ತನ್ನಲ್ಲಿರುವ ಸಾರ್ವಜನಿಕ ಕೀಲಿಯ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಬ್ಯಾಂಕಿನಲ್ಲಿ ಗ್ರಾಹಕನ ಮಾದರಿ ಸಹಿ ಇಟ್ಟುಕೊಂಡಿರುತ್ತಾರಲ್ಲ, ಇಲ್ಲಿ ಅದು ತಿರುಗಿದೆ: ಬ್ಯಾಂಕಿನ ಮಾದರಿ ಸಹಿಯನ್ನು ಗ್ರಾಹಕನೇ ಜೇಬಿನಲ್ಲಿಟ್ಟುಕೊಂಡು ಬಂದಿದ್ದಾನೆ.

ಆ ಪಟ್ಟಿ ಟರ್ಮಿನಲ್ಲಿಗೆ ಸಿಗುವುದು ಎಲ್ಲಿಂದ? ನಿಮ್ಮ ಲ್ಯಾಪ್‌ಟಾಪಿನಲ್ಲಾದರೆ ಉತ್ತರ ಸುಲಭ. ಹೊಸ ಸರ್ವರಿಗೆ ಮೊದಲ ಸಲ ಹೋದಾಗ ಎಸ್‌ಎಸ್‌ಎಚ್ ಆ ಕೀಲಿಯ ಬೆರಳಚ್ಚನ್ನು ತೋರಿಸಿ 'ನಂಬಲೇ?' ಎಂದು ಕೇಳುತ್ತದೆ. ನೀವು ಓದದೆಯೇ ಹೌದು ಎನ್ನುತ್ತೀರಿ; ಓದಿ ಹೇಳುವವರು ಅಪರೂಪ. ಅಲ್ಲಿಂದ ಮುಂದೆ ಅದು ಆ ಕೀಲಿಯನ್ನು ನೆನಪಿಟ್ಟುಕೊಳ್ಳುತ್ತದೆ, ಬದಲಾದರೆ ಬೊಬ್ಬೆ ಹೊಡೆಯುತ್ತದೆ. 2023ರ ಮಾರ್ಚ್ 24ರಂದು ಈ ಬೊಬ್ಬೆ ಲೋಕಕ್ಕೆಲ್ಲ ಕೇಳಿಸಿತು. ತಂತ್ರಾಂಶ ಬರೆಯುವವರು ತಮ್ಮ ಕಡತಗಳನ್ನು ಇಡುವ ಗಿಟ್‌ಹಬ್ ತಾಣದ ಆರ್‌ಎಸ್‌ಎ ಬಗೆಯ ಖಾಸಗಿ ಕೀಲಿ ಸ್ವಲ್ಪ ಹೊತ್ತು ಒಂದು ಸಾರ್ವಜನಿಕ ಕಡತಕೋಶದಲ್ಲಿ ಬಯಲಾಗಿದ್ದರಿಂದ ಕಂಪನಿ ರಾತ್ರೋರಾತ್ರಿ ಕೀಲಿ ಬದಲಿಸಿತು. ಹಳೆಯ ಕೀಲಿ ನೆನಪಿಟ್ಟುಕೊಂಡಿದ್ದ ಕಂಪ್ಯೂಟರುಗಳೆಲ್ಲ 'ಸರ್ವರಿನ ಗುರುತು ಬದಲಾಗಿದೆ' ಎಂದು ಎಚ್ಚರಿಸಿದವು. ಹೊಸ ಬೆರಳಚ್ಚನ್ನು ಕಂಪನಿ ಪ್ರಕಟಿಸಿತ್ತು. ತಾಳೆ ನೋಡಿ ಪಟ್ಟಿ ತಿದ್ದಿಕೊಂಡರೆ ಮುಗಿಯಿತು.

ಥಿನ್ ಕ್ಲೈಂಟಿಗೆ ಈ ಸೌಲಭ್ಯವಿಲ್ಲ. ಅದು ಮರೆಗುಳಿ ಎಂದೆನಲ್ಲ. ಪ್ರತಿ ಬೆಳಿಗ್ಗೆಯೂ ಅದಕ್ಕೆ ಮೊದಲ ಭೇಟಿಯೇ. ಮೊದಲ ಭೇಟಿಯಲ್ಲಿ ಕಣ್ಣುಮುಚ್ಚಿ ನಂಬು ಎಂದರೆ ಪ್ರತಿದಿನವೂ ಕಣ್ಣುಮುಚ್ಚಿ ನಂಬು ಎಂದಂತಾಯಿತು. ಹತ್ತನೇ ತರಗತಿಯ ಮಗುವಿಗೆ ಬೆರಳಚ್ಚು ಓದಿ ಒಪ್ಪು ಎನ್ನುವುದೂ ಆಗದ ಮಾತು. ಹಾಗಾಗಿ ಎಲ್‌ಟಿಎಸ್‌ಪಿ ಕಟ್ಟಿದವರು ಸರ್ವರಿನ ಸಾರ್ವಜನಿಕ ಕೀಲಿಯನ್ನು ಟರ್ಮಿನಲ್ಲಿಗೆ ಹೋಗುವ ಇಮೇಜಿನೊಳಗೇ ಹುದುಗಿಸಿಟ್ಟರು. ಒಳ್ಳೆಯ ಉಪಾಯವೇ. ಆದರೆ ಒಂದೇ ಕೀಲಿ ಈಗ ಮೂರು ಕಡೆ ಇದ್ದಂತಾಯಿತು. ಸರ್ವರಿನ ಸ್ವಂತ ಎಸ್‌ಎಸ್‌ಎಚ್ ಡೈರೆಕ್ಟರಿಯಲ್ಲಿ ಅಸಲು. ಟರ್ಮಿನಲ್‌ಗಳಿಗೆಂದು ಸರ್ವರಿನಲ್ಲೇ ಇಟ್ಟಿರುವ ಪ್ರತ್ಯೇಕ ಫೈಲುಗಳ ಕಟ್ಟಿನಲ್ಲಿ ಒಂದು ನಕಲು. ಆ ಕಟ್ಟನ್ನು ಕುಗ್ಗಿಸಿ ಮಾಡಿದ ಇಮೇಜಿನಲ್ಲಿ ಇನ್ನೊಂದು ನಕಲು. ಟರ್ಮಿನಲ್ ನೋಡುವುದು ಮೂರನೆಯದನ್ನು ಮಾತ್ರ.

ಈಗ ಲ್ಯಾಬಿಗೆ ಹೋಗೋಣ. ಹಿಂದಿನ ರಾತ್ರಿ ಅಲ್ಲಿ ಏನೋ ಆಗಿರುತ್ತದೆ. ಸರ್ವರಿನ ಡಿಸ್ಕ್ ಕೆಟ್ಟು ಲಿನಕ್ಸ್ ಅನ್ನು ಹೊಸದಾಗಿ ಹಾಕಿರಬಹುದು. ಹೊಸ ಸ್ಥಾಪನೆ ಎಂದರೆ ಹೊಸ ಕೀಲಿ. ಕೀಲಿ ಹಳೆಯದೇ ಇದ್ದು ಸರ್ವರಿನ ಐಪಿ ವಿಳಾಸ ಬದಲಾಗಿರಬಹುದು. ಪಟ್ಟಿಯಲ್ಲಿ ಕೀಲಿಯನ್ನು ವಿಳಾಸದ ಜೊತೆಗೆ ಬರೆದಿರುವುದರಿಂದ ಹೊಸ ವಿಳಾಸಕ್ಕೆ ನಮೂದೇ ಸಿಗುವುದಿಲ್ಲ. ಹೊರೆ ಹಂಚಲು ಎರಡನೆಯ ಸರ್ವರ್ ತಂದು, ಅದರ ಕೀಲಿಯನ್ನು ಪಟ್ಟಿಗೆ ಸೇರಿಸಲು ಮರೆತಿರಬಹುದು. ಆಗ ತೊಂದರೆ ಇನ್ನೂ ಗೊಂದಲದ್ದು: ಕೆಲವು ಟರ್ಮಿನಲ್ ನಡೆಯುತ್ತವೆ, ಕೆಲವು ಇಲ್ಲ, ಮರುಚಾಲನೆ ಮಾಡಿದರೆ ಅದಲು ಬದಲು.

ಐದನೇ ಆವೃತ್ತಿಯಲ್ಲಿ ಪರಿಹಾರ ಎರಡು ಆದೇಶಗಳದ್ದು. ಎಲ್‌ಟಿಎಸ್‌ಪಿ-ಅಪ್‌ಡೇಟ್-ಎಸ್‌ಎಸ್‌ಎಚ್‌ಕೀಸ್ ಎಂಬುದು ಸರ್ವರಿನ ಈಗಿನ ಕೀಲಿಗಳನ್ನು ಓದಿ ಎರಡನೆಯ ಕಡೆ ಬರೆಯುತ್ತದೆ. ಎಲ್‌ಟಿಎಸ್‌ಪಿ-ಅಪ್‌ಡೇಟ್-ಇಮೇಜ್ ಎಂಬುದು ಆ ಕಟ್ಟಿನಿಂದ ಇಮೇಜನ್ನು ಹೊಸದಾಗಿ ಮಾಡುತ್ತದೆ. ಜನ ಎಡವುವುದು ಇವೆರಡರ ನಡುವೆ. ಮೊದಲನೆಯದು ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ, ತಪ್ಪೇನೂ ತೋರಿಸುವುದಿಲ್ಲ. ಸರಿಹೋಯಿತು ಅಂದುಕೊಂಡು ಟರ್ಮಿನಲ್ ಹತ್ತಿರ ಹೋದರೆ ಅದೇ ಹಳೆಯ ಸಂದೇಶ. ಟರ್ಮಿನಲ್ ಇನ್ನೂ ಹಳೆಯ ಇಮೇಜನ್ನೇ ಓದುತ್ತಿದೆ. ಹೊಸ ಇಮೇಜ್ ಮಾಡಿದ ಮೇಲೂ ಟರ್ಮಿನಲ್ಲನ್ನು ಮರುಚಾಲನೆ ಮಾಡದಿದ್ದರೆ ಫಲವಿಲ್ಲ, ಏಕೆಂದರೆ ಈಗಾಗಲೇ ಎದ್ದು ಕುಳಿತಿರುವುದು ಹಳೆಯ ಇಮೇಜಿನ ಮೇಲೇ. ಇದಕ್ಕೆ ಇನ್ನೊಂದು ತೊಡಕೂ ಇತ್ತು. ಲಿನಕ್ಸಿನ ಎರಡು ರೂಪಗಳಲ್ಲಿ ಉಬುಂಟು ಇಮೇಜ್ ಪದ್ಧತಿ ಹಿಡಿದಿದ್ದರೆ, ಡೆಬಿಯನ್‌ನಲ್ಲಿ ಆ ಕಟ್ಟನ್ನು ಇಮೇಜ್ ಮಾಡದೆ ಎನ್‌ಎಫ್‌ಎಸ್ ಎಂಬ ಫೈಲು ಹಂಚಿಕೆ ವಿಧಾನದ ಮೂಲಕ ನೇರವಾಗಿ ಹಂಚುವ ರೂಢಿ ಇತ್ತು. ಅಲ್ಲಿ ಮೊದಲ ಆದೇಶವೊಂದೇ ಸಾಕು. ಡೆಬಿಯನ್ ಬಳಸುವವರು ಕೊಟ್ಟ ಪ್ರಾಮಾಣಿಕ ಸಲಹೆ ಉಬುಂಟು ಬಳಸುವವರ ಕೈಯಲ್ಲಿ ಕೆಲಸ ಮಾಡದೆ ಹೋಗುತ್ತಿದ್ದುದು ಈ ಕಾರಣಕ್ಕೆ.

ಸರ್ವರಿನ ಕೀಲಿ ರಾತ್ರೋರಾತ್ರಿ ಬದಲಾಗುವುದು ಅಪರೂಪ ಎಂದುಕೊಂಡವರಿಗೆ 2008ರ ಮೇ ತಿಂಗಳು ಪಾಠ ಕಲಿಸಿತು. ಕೀಲಿ ತಯಾರಿಸಲು ಊಹೆಗೆ ಸಿಗದ ಸಂಖ್ಯೆಗಳು ಬೇಕು. ಆ ಸಂಖ್ಯೆಗಳನ್ನು ಒದಗಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದ ಎರಡು ಸಾಲುಗಳು, ದೋಷ ಹುಡುಕುವ ಉಪಕರಣವೊಂದರಲ್ಲಿ ಎಚ್ಚರಿಕೆ ಹುಟ್ಟಿಸುತ್ತಿದ್ದವು. 2006ರ ಸೆಪ್ಟೆಂಬರಿನಲ್ಲಿ ಡೆಬಿಯನ್ ತನ್ನ ಪ್ರತಿಯಲ್ಲಿ ಆ ಎರಡು ಸಾಲುಗಳನ್ನು ನಿಷ್ಕ್ರಿಯಗೊಳಿಸಿತು. ಎಚ್ಚರಿಕೆ ನಿಂತಿತು. ಜೊತೆಗೆ ಯಾದೃಚ್ಛಿಕತೆಯೂ ನಿಂತಿತು! ಉಳಿದ ಒಂದೇ ವ್ಯತ್ಯಾಸವೆಂದರೆ ಕೀಲಿ ಮಾಡುವ ಪ್ರಕ್ರಿಯೆಗೆ ಲಿನಕ್ಸ್ ಕೊಡುವ ಕ್ರಮಸಂಖ್ಯೆ, ಅದು ಸಾಮಾನ್ಯವಾಗಿ 32,768ರೊಳಗೇ ಇರುತ್ತದೆ. ಅಂದರೆ ಒಂದು ಬಗೆಯ ಯಂತ್ರದಲ್ಲಿ, ಒಂದು ಬಗೆಯ, ಒಂದು ಅಳತೆಯ ಕೀಲಿಗೆ ಇದ್ದ ಒಟ್ಟು ಸಾಧ್ಯತೆ ಅಷ್ಟೇ. ಬ್ರಹ್ಮಾಂಡದ ಕಣಗಳಿಗಿಂತ ಹೆಚ್ಚು ಸಾಧ್ಯತೆಗಳಿರಬೇಕಾದ ಕಡೆ ಒಂದು ಪಟ್ಟಣದ ಜನಸಂಖ್ಯೆಯಷ್ಟು ಕೀಲಿಗಳು. ಅಷ್ಟನ್ನೂ ಮೊದಲೇ ಲೆಕ್ಕ ಹಾಕಿ ಪಟ್ಟಿ ಮಾಡಿಟ್ಟುಕೊಳ್ಳುವುದು ಕೆಲವು ಗಂಟೆಗಳ ಕೆಲಸ, ಕೆಲವರು ಮಾಡಿಯೂ ತೋರಿಸಿದರು.

ಇದನ್ನು ಪತ್ತೆ ಮಾಡಿದವರು ಲುಸಿಯಾನೊ ಬೆಲ್ಲೊ. 2008ರ ಮೇ 13ರಂದು ಡೆಬಿಯನ್ ಪ್ರಕಟಣೆ ಹೊರಡಿಸಿತು. ಅದರ ಮೇಲೆ ಕಟ್ಟಿದ ಉಬುಂಟುವಿಗೂ ಅದೇ ಗತಿ. ಶಾಲೆಗಳು ಇಷ್ಟಪಟ್ಟು ಹಾಕಿಕೊಂಡ ಉಬುಂಟು 8.04 ಬಿಡುಗಡೆಯಾಗಿ ಮೂರು ವಾರವೂ ಆಗಿರಲಿಲ್ಲ. ಭದ್ರತಾ ಅಪ್‌ಡೇಟ್ ಸರ್ವರಿನಲ್ಲಿದ್ದ ದುರ್ಬಲ ಕೀಲಿಗಳನ್ನು ಗುರುತಿಸಿ ಹೊಸ ಕೀಲಿಗಳನ್ನು ಸೃಷ್ಟಿಸಿತು. ಸರ್ವರ್ ಭದ್ರವಾಯಿತು. ಆದರೆ ಇಮೇಜಿನೊಳಗಿನ ನಕಲು ಹಳೆಯದೇ. ಹಾಗೆ ಕೀಲಿ ಬದಲಾದ ಲ್ಯಾಬಿನಲ್ಲಿ ಮರುದಿನ ಬೆಳಿಗ್ಗೆ ಟರ್ಮಿನಲ್‌ಗಳು ತಮ್ಮ ಸರ್ವರನ್ನೇ ಗುರುತು ಹಿಡಿಯುವುದಿಲ್ಲ. ಅವು ಕೆಟ್ಟಿರುವುದಿಲ್ಲ; ಮಾಡಬೇಕಾದ ಕೆಲಸವನ್ನೇ ಅಚ್ಚುಕಟ್ಟಾಗಿ ಮಾಡುತ್ತಿರುತ್ತವೆ.

ಇನ್ನು, ಕೀಲಿಯ ತಕರಾರಿನಂತೆ ಕಂಡು ಕೀಲಿಗೆ ಸಂಬಂಧವೇ ಇಲ್ಲದ ತೊಂದರೆಗಳೂ ಸಾಕಷ್ಟಿವೆ. ಅವನ್ನು ಬೇರ್ಪಡಿಸಲು ಟರ್ಮಿನಲ್ಲಿನ ಪರದೆ ನೋಡಿ ಪ್ರಯೋಜನವಿಲ್ಲ, ಸರ್ವರಿನ ದಾಖಲೆ ನೋಡಬೇಕು. ಉಬುಂಟುವಿನಲ್ಲೂ ಡೆಬಿಯನ್‌ನ ಹಳೆಯ ಆವೃತ್ತಿಗಳಲ್ಲೂ ದೃಢೀಕರಣದ ವಿವರಗಳು ಆತ್ ಲಾಗ್ ಎಂಬ ಫೈಲಿಗೆ ಬೀಳುತ್ತವೆ. ಒಬ್ಬರು ಟರ್ಮಿನಲ್‌ನಲ್ಲಿ ಲಾಗಿನ್ ಮಾಡುತ್ತಿರಲಿ, ಇನ್ನೊಬ್ಬರು ಸರ್ವರಿನಲ್ಲಿ ಆ ಫೈಲಿನ ಕೊನೆಯ ಸಾಲುಗಳ ಮೇಲೆ ಕಣ್ಣಿಡಲಿ. ಪಾಸ್‌ವರ್ಡಿನ ಪ್ರಸ್ತಾಪವೇ ಇಲ್ಲದೆ ಸಂಪರ್ಕ ಮುಚ್ಚಿದ ಸಾಲು ಬಂದರೆ ಟರ್ಮಿನಲ್ ಮೊದಲೇ ಹಿಂದೆ ಸರಿದಿದೆ. ಸರ್ವರಿನ ಕೀಲಿಯನ್ನೇ ಮೊದಲು ಪರೀಕ್ಷಿಸಬೇಕು. ಪಾಸ್‌ವರ್ಡ್ ವಿಫಲ ಎಂದು ಬಂದರೆ ಕೀಲಿ ಸರಿಯಿದೆ, ಬಳಕೆದಾರ ತಪ್ಪು ಒತ್ತಿದ್ದಾನೆ, ಅಥವಾ ಕ್ಯಾಪ್ಸ್ ಲಾಕ್ ಬಿದ್ದಿದೆ. ಪಾಸ್‌ವರ್ಡ್ ಸ್ವೀಕೃತ ಎಂದು ಬಂದು ಮರುಕ್ಷಣವೇ ಸಂಪರ್ಕ ಮುಚ್ಚಿದ್ದರೆ ತೊಂದರೆ ಲಾಗಿನ್ ಆದ ನಂತರದ್ದು. ಏನೂ ಬರದಿದ್ದರೆ ಟರ್ಮಿನಲ್ ಈ ಸರ್ವರಿಗೆ ಬಂದೇ ಇಲ್ಲ. ಜಾಲದಲ್ಲಿ ಯಾರೋ ಸಿಕ್ಕಿಸಿದ ವೈಫೈ ರೂಟರ್ ತನ್ನದೇ ಡಿಎಚ್‌ಸಿಪಿ ನಡೆಸುತ್ತಿರಬಹುದು.

ಮೂರನೆಯ ಬಗೆ ತಮಾಷೆಯದು. ಲಾಗಿನ್ ಆದಂತೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ ಪರದೆಗೇ ಮರಳುತ್ತದೆ. ಬಹಳ ಸಲ ಕಾರಣ ಇಷ್ಟೇ: ಸರ್ವರಿನ ಡಿಸ್ಕ್ ತುಂಬಿದೆ, ಅಥವಾ ಆ ವಿದ್ಯಾರ್ಥಿಯ ಪಾಲಿನ ಜಾಗ ಸಿನಿಮಾಗಳಿಂದ ತುಂಬಿದೆ. ಪರದೆಯ ಮೇಲೆ ಚಿತ್ರ ಬಿಡಿಸಲು ಪ್ರತಿ ಅಧಿವೇಶನಕ್ಕೂ ಒಂದು ಚಿಕ್ಕ ಗುಟ್ಟಿನ ಸಂಖ್ಯೆ ಬೇಕು, ಅದನ್ನು ಬಳಕೆದಾರನ ಮನೆ ಡೈರೆಕ್ಟರಿಯಲ್ಲಿ ಬರೆದಿಡಬೇಕು. ಬರೆಯಲು ಒಂದು ಬೈಟೂ ಇಲ್ಲದಿದ್ದರೆ ಅಧಿವೇಶನ ಹುಟ್ಟುವ ಮೊದಲೇ ಸಾಯುತ್ತದೆ.

ಇನ್ನೊಂದು ಬಗೆ ವಯಸ್ಸಿನದು. ಸರ್ವರನ್ನು ಅಪ್‌ಡೇಟ್ ಮಾಡಿ, ಟರ್ಮಿನಲ್ಲಿನ ಇಮೇಜನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟಿರುತ್ತಾರೆ. ಎಸ್‌ಎಸ್‌ಎಚ್‌ನ ಮುಕ್ತ ರೂಪವಾದ ಓಪನ್‌ಎಸ್‌ಎಸ್‌ಎಚ್ 2015ರಲ್ಲಿ ಡಿಎಸ್‌ಎ ಎಂಬ ಹಳೆಯ ಬಗೆಯ ಕೀಲಿಗಳನ್ನು ತಾನಾಗಿ ಒಪ್ಪುವುದನ್ನು ನಿಲ್ಲಿಸಿತು. 2021ರಲ್ಲಿ, ಎಸ್‌ಎಚ್‌ಎ-1 ಬಳಸಿ ಆರ್‌ಎಸ್‌ಎ ಕೀಲಿ ಹಾಕುವ ಹಳೆಯ ಬಗೆಯ ಸಹಿಗೂ ಬೆನ್ನು ತಿರುಗಿಸಿತು. ಹಳೆಯ ಇಮೇಜಿಗೆ ಹೊಸ ಭಾಷೆ ಬಾರದು, ಹೊಸ ಸರ್ವರ್ ಹಳೆಯ ಭಾಷೆಯಲ್ಲಿ ಮಾತಾಡದು. ಇಲ್ಲಿ ಪಟ್ಟಿ ತಿದ್ದಿ ಉಪಯೋಗವಿಲ್ಲ, ಇಮೇಜನ್ನೇ ಹೊಸದಾಗಿ ಕಟ್ಟಬೇಕು. ಸರ್ವರಿನಲ್ಲಿ ಪಾಸ್‌ವರ್ಡ್ ಮೂಲಕ ಎಸ್‌ಎಸ್‌ಎಚ್ ಪ್ರವೇಶವನ್ನು ಭದ್ರತೆಯ ಹೆಸರಿನಲ್ಲಿ ಯಾರಾದರೂ ನಿಲ್ಲಿಸಿದ್ದರೂ ಲ್ಯಾಬು ಪೂರ್ತಿ ನಿಲ್ಲುತ್ತದೆ. ಟರ್ಮಿನಲ್‌ಗಳು ಒಳಬರುವ ಬಾಗಿಲು ಅದೇ ಎಂಬುದು ಅವರಿಗೆ ಹೊಳೆದಿರುವುದಿಲ್ಲ.

ಈ ಎಲ್ಲ ರಗಳೆಗೆ ಒಂದು ಅಡ್ಡದಾರಿ ಬಾಯಿಂದ ಬಾಯಿಗೆ ಹರಡಿದೆ: ಕೀಲಿ ಪರೀಕ್ಷೆಯನ್ನೇ ಆರಿಸಿಬಿಡಿ, ಒಂದು ಸಾಲಿನ ಕೆಲಸ. ನನ್ನ ಪ್ರಕಾರ ಇದು ಕೆಟ್ಟ ಸಲಹೆ. ಓಪನ್‌ಎಸ್‌ಎಸ್‌ಎಚ್ ಬರೆದವರು ಇದನ್ನು ಮೊದಲೇ ಊಹಿಸಿದ್ದರು ಎಂಬುದು ಮೆಚ್ಚತಕ್ಕ ಸಂಗತಿ. ಪರೀಕ್ಷೆ ಆರಿಸಿದ್ದರೂ, ಪಟ್ಟಿಯಲ್ಲಿರುವ ಕೀಲಿಗೂ ಬಂದ ಕೀಲಿಗೂ ತಾಳೆಯಾಗದಿದ್ದರೆ ಅದು ಸಂಪರ್ಕ ಕೊಡುತ್ತದೆ, ಆದರೆ ಪಾಸ್‌ವರ್ಡ್ ಕಳಿಸಲು ನಿರಾಕರಿಸುತ್ತದೆ. ಪಾಸ್‌ವರ್ಡನ್ನೇ ನಂಬಿದ ಥಿನ್ ಕ್ಲೈಂಟಿಗೆ ಅಂಥ ಸಂಪರ್ಕದಿಂದ ಲಾಭವಿಲ್ಲ. ಆಗ ಜನ ಇನ್ನೊಂದು ಹೆಜ್ಜೆ ಹೋಗಿ ಪಟ್ಟಿಯನ್ನೂ ಅಳಿಸುತ್ತಾರೆ. ಅಲ್ಲಿಗೆ 1995ರ ಹೆಲ್ಸಿಂಕಿಗೇ ವಾಪಸಾದಂತೆ.

ಹಾಗಾದರೆ ಪಟ್ಟಿ ಇದ್ದರೆ ಪೂರ್ತಿ ಭದ್ರವೇ? ಅಲ್ಲ. ಚುರುಕು ಓದುಗರಿಗೆ ಈಗಾಗಲೇ ಒಂದು ಸಂಶಯ ಬಂದಿರಬೇಕು. ಸರ್ವರ್ ಅಸಲಿಯೇ ಎಂದು ತಿಳಿಯಲು ಟರ್ಮಿನಲ್ ನೋಡುವ ಪಟ್ಟಿ ಬಂದಿದ್ದು ಎಲ್ಲಿಂದ? ಅದೇ ಜಾಲದಿಂದ, ಅದೇ ಸರ್ವರಿನಿಂದ, ಯಾವ ಸಹಿಯೂ ಇಲ್ಲದೆ. ಕರ್ನೆಲ್ ತರುವ ಟಿಎಫ್‌ಟಿಪಿ 1981ರ ಕಾಲದ ವಿಧಾನ, 1992ರಲ್ಲಿ ಪರಿಷ್ಕರಿಸಿದ್ದು. ಅದರಲ್ಲಿ ಗುರುತು ಕೇಳುವ ಏರ್ಪಾಡೇ ಇಲ್ಲ. ಜಾಲದಲ್ಲಿ ನಕಲಿ ಡಿಎಚ್‌ಸಿಪಿ ಇಟ್ಟವನು ತನ್ನದೇ ಇಮೇಜ್ ಕೊಟ್ಟರೆ, ಅದರೊಳಗಿನ ಪಟ್ಟಿಯೂ ಅವನದೇ. ಆದ್ದರಿಂದ ಈ ಕೀಲಿ ತಡೆಯುವುದು ತಂತಿಗೆ ಕಿವಿಯಿಟ್ಟವನನ್ನು ಮತ್ತು ಟರ್ಮಿನಲ್ ಎದ್ದ ಮೇಲೆ ಸರ್ವರಿನ ವೇಷ ಹಾಕುವವನನ್ನು. ಬೆಳಿಗ್ಗೆ ಎಬ್ಬಿಸುವವನೇ ಕಳ್ಳನಾದರೆ ಇದರಿಂದ ರಕ್ಷಣೆಯಿಲ್ಲ. ಅದಕ್ಕೆ ಟರ್ಮಿನಲ್‌ಗಳ ಜಾಲವನ್ನು ಪ್ರತ್ಯೇಕವಾಗಿಡಬೇಕು, ಅಪರಿಚಿತ ಡಿಎಚ್‌ಸಿಪಿ ಉತ್ತರಗಳನ್ನು ಸ್ವಿಚ್ಚಿನಲ್ಲೇ ತಡೆಯಬೇಕು.

2019ರಲ್ಲಿ ಎಲ್‌ಟಿಎಸ್‌ಪಿಯನ್ನು ಬುಡದಿಂದ ಹೊಸದಾಗಿ ಬರೆದರು. ಹಳೆಯ ಎಲ್‌ಡಿಎಂ ಹೋಯಿತು. ಲಾಗಿನ್ ಈಗಲೂ ಎಸ್‌ಎಸ್‌ಎಚ್ ಮೂಲಕವೇ, ಆದರೆ ಸರ್ವರಿನ ಕೀಲಿಗಳು ದೊಡ್ಡ ಇಮೇಜಿನಲ್ಲಿ ಹುದುಗಿರುವ ಬದಲು ಬೂಟ್ ಹೊತ್ತಿನಲ್ಲಿ ಹೋಗುವ ಒಂದು ಪುಟ್ಟ ಫೈಲಿನಲ್ಲಿವೆ. ಕೀಲಿ ಬದಲಾದರೆ 'ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ' ಎಂಬ ಒಂದೇ ಆದೇಶ ಸಾಕು, ಆಮೇಲೆ ಟರ್ಮಿನಲ್‌ಗಳ ಮರುಚಾಲನೆ. ಬಳಕೆದಾರರ ಪಟ್ಟಿಯೂ ಅದೇ ಫೈಲಿನಲ್ಲಿ ಇರುವುದರಿಂದ, ಹೊಸ ಖಾತೆ ತೆರೆದಾಗಲೂ ಇದನ್ನು ಓಡಿಸಬೇಕು.

ನಿಮ್ಮ ಶಾಲೆಯಲ್ಲೋ ಗ್ರಂಥಾಲಯದಲ್ಲೋ ಇಂಥ ಜಾಲವಿದ್ದರೆ ಇವತ್ತೇ ಎರಡು ಕೆಲಸ ಮಾಡಿಡಿ. ಸರ್ವರಿನ ಎಸ್‌ಎಸ್‌ಎಚ್ ಡೈರೆಕ್ಟರಿಯಲ್ಲಿರುವ ಕೀಲಿಗಳ ಜೋಡಿಯನ್ನು ಒಂದು ಪೆನ್ ಡ್ರೈವಿಗೆ ನಕಲು ಮಾಡಿ; ಖಾಸಗಿ ಕೀಲಿಯೂ ಅದರಲ್ಲಿರುವುದರಿಂದ ಬೀಗ ಹಾಕುವ ಜಾಗದಲ್ಲೇ ಇಡಿ. ಡಿಸ್ಕ್ ಕೆಟ್ಟ ದಿನ ಅವನ್ನೇ ವಾಪಸು ಹಾಕಿದರೆ ಟರ್ಮಿನಲ್‌ಗಳಿಗೆ ಬದಲಾವಣೆಯ ಸುಳಿವೂ ಸಿಗುವುದಿಲ್ಲ. ಸಾರ್ವಜನಿಕ ಕೀಲಿಯ ಬೆರಳಚ್ಚನ್ನು ಕಾಗದದಲ್ಲಿ ಮುದ್ರಿಸಿ ಸರ್ವರ್ ಕೋಣೆಯ ಗೋಡೆಗೆ ಅಂಟಿಸಿ. ಅದು ಗುಟ್ಟಲ್ಲ, ಯಾರು ನೋಡಿದರೂ ನಷ್ಟವಿಲ್ಲ.